ಗಾಜಿನ ತೊಟ್ಟಿಯೊಳಗಿನ ಹಳೆಯ ಲೆಕ್ಕ

ಅಚ್ಯುತಾಪುರಂನ ವಿಶೇಷ ಆರ್ಥಿಕ ವಲಯದಲ್ಲಿ ನನಗೆ ಕೆಲಸ. ಊರು ಕೋಲಾರದ ಕಡೆ. ವಿಶಾಖಪಟ್ಟಣದ ದಕ್ಷಿಣಕ್ಕಿರುವ ಇಲ್ಲಿನ ಬಾಡಿಗೆ ಮನೆಯಲ್ಲಿ ಒಂದಷ್ಟು ಗಪ್ಪಿ ಮೀನು ಸಾಕಿದ್ದೇನೆ. ವಾರಕ್ಕೊಮ್ಮೆ ತೊಟ್ಟಿಯ ಅರ್ಧ ನೀರು ಬದಲಿಸಿದರೂ ನೈಟ್ರೇಟ್ ಇಳಿಯಲಿಲ್ಲ. ಒಂದು ದಿನ ನಲ್ಲಿ ನೀರನ್ನೇ ಪರೀಕ್ಷಿಸಿದೆ. ಬೋರ್‌ವೆಲ್ ನೀರು, ಬಣ್ಣ ಅಷ್ಟೇ ಕೆಂಪಾಯಿತು. ಲೀಟರಿಗೆ ಸುಮಾರು 50 ಮಿಲಿಗ್ರಾಂ. ಕುಡಿಯುವ ನೀರಿಗೆ ಬಿಐಎಸ್ ಇಟ್ಟಿರುವ ಮಿತಿ 45.

ಅಕ್ವೇರಿಯಂನ ಚರಿತ್ರೆಯಲ್ಲಿ ಈ ನೈಟ್ರೇಟಿನ ಬೇರು ಇದೆ. 1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ತೊಟ್ಟಿಯಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ಗಿಡ ನೆಟ್ಟರು. ಎಲೆ ಕೊಳೆತು ನೀರು ಕೆಟ್ಟಾಗ ಬಸವನಹುಳುಗಳನ್ನು ಬಿಟ್ಟರು. ನೀರು ತಿಳಿಯಾಯಿತು. ಮರುವರ್ಷ ಇದನ್ನು ಪ್ರಕಟಿಸಿದರು.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಜ್, ಚರಂಡಿ ನೀರಿನ ಅಮೋನಿಯಾ ನೈಟ್ರೇಟ್ ಆಗುವುದು ಸೂಕ್ಷ್ಮಜೀವಿಗಳಿಂದ ಎಂದು ತೋರಿಸಿದರು. ಅದೇ ಕೆಲಸವನ್ನು ರಾಥಮ್‌ಸ್ಟೆಡ್‌ನ ಪ್ರಯೋಗ ಕೇಂದ್ರದಲ್ಲಿ ಮುಂದುವರಿಸಿದವರು ವಾರಿಂಗ್ಟನ್ ಅವರ ಮಗ. ಅವರ ಹೆಸರೂ ರಾಬರ್ಟ್. ಅಮೋನಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್, ಎರಡಕ್ಕೂ ಬೇರೆ ಬೇರೆ ಜೀವಿ ಎಂದು ಅವರು ಕಂಡರು. ಅಪ್ಪನ ತೊಟ್ಟಿಯಲ್ಲಿ ಕಣ್ಣಿಗೆ ಬೀಳದೆ ನಡೆದದ್ದನ್ನು ಮಗ ಹೊಲದ ಮಣ್ಣಿನಲ್ಲಿ ಹಿಡಿದರು.

ನಮ್ಮ ಕಡೆಯವರು ಇದರ ಫಲವನ್ನು ಮೊದಲೇ ಬಲ್ಲರು. ಕೊಟ್ಟಿಗೆಯ ಗಂಜಲ ಕುಡಿದ ಮಣ್ಣಿನಲ್ಲಿ, ಹಾಳೂರಿನ ದಿಬ್ಬದಲ್ಲಿ ಹುಟ್ಟುವ ಪೆಟ್ಲುಪ್ಪು ಎಂದರೆ ನೈಟ್ರೇಟೇ. ಟಿಪ್ಪುವಿನ ರಾಕೆಟ್ಟಿನ ಮದ್ದಿಗೂ ಅದೇ ಬೇಕಿತ್ತು. 1909ರಲ್ಲಿ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿದ ಮೇಲೆ ಗೊಬ್ಬರ ಮೂಟೆಗಟ್ಟಲೆ ಹೊಲಕ್ಕೆ ಬಂತು. ಬೆಳೆ ಹೀರದೆ ಉಳಿದದ್ದು, ಊರಿನ ಕಕ್ಕಸು ಗುಂಡಿಯಿಂದ ಸೋರಿದ್ದು ಎಲ್ಲ ಅಂತರ್ಜಲಕ್ಕೆ ಇಳಿಯಿತು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಮಾದರಿಗಳಲ್ಲಿ ಶೇಕಡಾ 48ರಷ್ಟು ಮಿತಿ ಮೀರಿದ್ದವು. ಊರು ಬಿಟ್ಟು ಬಂದ ಮಾತ್ರಕ್ಕೆ ನೀರಿನ ಕಥೆ ಬದಲಾಗಲಿಲ್ಲ, ನೋಡಿ.

ಮೀನಿಗಿಂತ ಹೆಚ್ಚು ಹೆದರಿಸಿದ್ದು ಬೇರೆ. ನಾಲ್ಕು ತಿಂಗಳ ಮಗಳಿಗೆ ಇದೇ ನೀರನ್ನು ಕುದಿಸಿ ಪುಡಿಹಾಲು ಕಲೆಸುತ್ತಿದ್ದೆವು. ಬಾವಿ ನೀರಿನ ನೈಟ್ರೇಟಿನಿಂದ ಹಸುಗೂಸುಗಳ ಮೈ ನೀಲಿಗಟ್ಟುವುದನ್ನು ಅಮೆರಿಕದ ಅಯೋವಾದಲ್ಲಿ ವೈದ್ಯ ಹಂಟರ್ ಕಾಮ್ಲಿ 1945ರಲ್ಲೇ ಬರೆದಿದ್ದರು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಮಗಳಿಗೆ ಏನೂ ಆಗಿರಲಿಲ್ಲ. ಅಂದೇ ಅವಳ ಹಾಲಿಗೆ ಬೇರೆ ನೀರು ತಂದೆವು, ಆ ವಾರವೇ ಆರ್‌ಒ ಯಂತ್ರ ಬಂತು.

ಈಗ ತೊಟ್ಟಿಗೆ ಅರ್ಧ ಆರ್‌ಒ, ಅರ್ಧ ನಲ್ಲಿ ನೀರು. ಬರೀ ಆರ್‌ಒ ಹಾಕಿದರೆ ಗಪ್ಪಿಗೆ ಬೇಕಾದ ಲವಣ ಸಿಗದು. ಬದಲಾವಣೆಯನ್ನೂ ಮೀನು ಒಗ್ಗುವಂತೆ ಸ್ವಲ್ಪಸ್ವಲ್ಪವೇ ಮಾಡಿದೆ. ಮೇವು ಕಡಿಮೆ ಮಾಡಿದೆ, ಮನಿ ಪ್ಲಾಂಟಿನ ಬೇರನ್ನು ನೀರಿಗೆ ಇಳಿಬಿಟ್ಟೆ. ಒಂದು ಮೂಲೆಯಲ್ಲಿ ವ್ಯಾಲಿಸ್ನೇರಿಯಾವೂ ಇದೆ. ಹಿರಿಯ ವಾರಿಂಗ್ಟನ್ ನೆಟ್ಟ ಅದೇ ಗಿಡ.