ರೋಹಿತ ಭಂಡಾರಗಳ ಕೂಡಿಕೆ: ಬೆಂಗಳೂರಿನ ಪ್ರೋಟೀನು ನಕ್ಷೆಯ ಹಿಂದುಮುಂದು

2014ರ ಮೇ 29ರ ‘ನೇಚರ್’ ಸಂಚಿಕೆಯಲ್ಲಿ ಮಾನವ ಪ್ರೋಟೀನುಗಳ ಎರಡು ಕರಡು ನಕ್ಷೆಗಳು ಒಟ್ಟಿಗೆ ಅಚ್ಚಾದವು. ಒಂದನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವೂ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯೂ ಅಖಿಲೇಶ್ ಪಾಂಡೆಯವರ ಮುಂದಾಳತ್ವದಲ್ಲಿ ಸಿದ್ಧಪಡಿಸಿದ್ದವು. ಇನ್ನೊಂದು ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಬರ್ನ್‌ಹಾರ್ಡ್ ಕುಸ್ಟರ್ ತಂಡದ್ದು. ಮೊದಲನೆಯದು 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿತ್ತು, ಎರಡನೆಯದು 18,097 ಜೀನುಗಳದ್ದನ್ನು. ಪತ್ರಿಕೆಗಳು ಈ ಅಂಕಿಗಳನ್ನೇ ಎತ್ತಿ ಹಿಡಿದವು. ಆದರೆ ಎರಡೂ ನಕ್ಷೆಗಳು ಕಟ್ಟಿಕೊಂಡ ಬಗೆಯಲ್ಲಿದ್ದ ವ್ಯತ್ಯಾಸವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮ್ಯೂನಿಕ್ ತಂಡ ತನ್ನ ಅಳತೆಗಳ ಜೊತೆ ಹಲವು ಪ್ರಯೋಗಾಲಯಗಳು ಮೊದಲೇ ಬಹಿರಂಗಪಡಿಸಿದ್ದ ದತ್ತಾಂಶವನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಸಿತ್ತು. ಪಾಂಡೆ ತಂಡವಾದರೋ 30 ಬಗೆಯ ಆರೋಗ್ಯವಂತ ಮಾದರಿಗಳನ್ನು—17 ವಯಸ್ಕ ಅಂಗಾಂಶ, 7 ಭ್ರೂಣ ಅಂಗಾಂಶ, 6 ಬಗೆಯ ರಕ್ತಕೋಶ—ಒಂದೇ ಕ್ರಮದಲ್ಲಿ, ಒಂದೇ ಜಾತಿಯ ಯಂತ್ರಗಳಲ್ಲಿ ತಾನೇ ಅಳೆದಿತ್ತು. ಪ್ರೋಟೀನು ಚೂರುಗಳ ಅಳತೆಯ ದಾಖಲೆಗಳನ್ನು ಕೂಡಿಟ್ಟ ರೋಹಿತ ಭಂಡಾರಗಳನ್ನು ಕಟ್ಟುವ ಮತ್ತು ಕೂಡಿಸುವ ಚರಿತ್ರೆಯನ್ನು ಈ ವ್ಯತ್ಯಾಸದ ಬೆಳಕಿನಲ್ಲಿಯೇ ಓದಬೇಕು ಎಂಬುದು ಈ ಲೇಖನದ ವಾದ.

ಪ್ರೋಟೀನನ್ನು ಟ್ರಿಪ್ಸಿನ್ ಕಿಣ್ವದಿಂದ ಕತ್ತರಿಸಿದರೆ ಪೆಪ್ಟೈಡ್‌ಗಳೆಂಬ ಚೂರುಗಳು ಸಿಗುತ್ತವೆ. ಅವು ಕ್ರೊಮ್ಯಾಟೋಗ್ರಫಿ ಕಾಲಮ್‌ನಿಂದ ಒಂದೊಂದಾಗಿ ಹೊರಬಂದು ಮಾಸ್ ಸ್ಪೆಕ್ಟ್ರೋಮೀಟರಿನೊಳಗೆ ಮತ್ತೆ ಒಡೆಯುತ್ತವೆ. ಒಡೆದ ತುಣುಕುಗಳ ತೂಕ ಮತ್ತು ತೀವ್ರತೆಯ ದಾಖಲೆಯೇ ಆ ಪೆಪ್ಟೈಡಿನ ರೋಹಿತ. 1994ರಲ್ಲಿ ಬಂದ ‘ಸೀಕ್ವೆಸ್ಟ್’ ತಂತ್ರಾಂಶ ಇಂಥ ರೋಹಿತವನ್ನು ಜೀನುಗಳಿಂದ ಲೆಕ್ಕ ಹಾಕಿದ ಸೈದ್ಧಾಂತಿಕ ರೋಹಿತಕ್ಕೆ ಹೋಲಿಸುತ್ತಿತ್ತು. ಒಮ್ಮೆ ಗುರುತಿಸಿದ ಪೆಪ್ಟೈಡನ್ನು ಪ್ರತಿಸಲವೂ ಮೊದಲಿನಿಂದ ಹುಡುಕುವುದೇಕೆ, ಹಿಂದೆ ನಿಜವಾಗಿ ಕಂಡ ರೋಹಿತವನ್ನೇ ಭಂಡಾರವಾಗಿ ಕೂಡಿಟ್ಟು ಅದಕ್ಕೇ ಹೋಲಿಸಬಾರದೇಕೆ ಎಂಬ ವಿಚಾರವನ್ನು ಜಾನ್ ಯೇಟ್ಸ್ ಮತ್ತು ಸಂಗಡಿಗರು 1998ರಲ್ಲಿ ಮುಂದಿಟ್ಟರು. ಅದು ಬಳಕೆಗೆ ಬಂದದ್ದು 2006–07ರಲ್ಲಿ, ಬಿಬ್ಲಿಯೋಸ್ಪೆಕ್, ಎಕ್ಸ್ ಹಂಟರ್, ಸ್ಪೆಕ್ಟ್ರಾಸ್ಟ್ ಎಂಬ ತಂತ್ರಾಂಶಗಳು ಬಂದ ಮೇಲೆ. ಒಂದೇ ಪೆಪ್ಟೈಡಿನ ಹಲವು ರೋಹಿತಗಳನ್ನು ಸೇರಿಸಿ, ಪದೇ ಪದೇ ಕಾಣುವ ತುಣುಕುಗಳನ್ನು ಉಳಿಸಿ, ಒಮ್ಮೆ ಮಾತ್ರ ಕಂಡ ಗದ್ದಲವನ್ನು ಕಳೆದು, ಒಂದು ಸಮ್ಮತ ರೋಹಿತವನ್ನು ಮಾಡುವ ಕೆಲಸ ಸ್ಪೆಕ್ಟ್ರಾಸ್ಟ್‌ನದು. ಕೂಡಿಕೆಯ ಮೊದಲ ಪಾಠ ಇದೇ.

ಬೆಂಗಳೂರಿನಲ್ಲಿ ಇಂಥ ಕೂಡಿಕೆಗೆ ನೆಲ ಹದವಾದದ್ದು ಬೇರೆ ದಾರಿಯಿಂದ. 2002ರಲ್ಲಿ ವೈಟ್‌ಫೀಲ್ಡಿನಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯ ಮೊದಲ ದೊಡ್ಡ ಕೆಲಸ ಯಂತ್ರದ್ದಲ್ಲ, ಓದಿನದು. ಪ್ರಕಟಿತ ಸಂಶೋಧನೆಗಳನ್ನು ಜೀವವಿಜ್ಞಾನಿಗಳು ತಾವೇ ಓದಿ, ಒಂದೊಂದು ಪ್ರೋಟೀನಿನ ವಿವರವನ್ನೂ ಪರಿಶೀಲಿಸಿ ದಾಖಲಿಸಿದ ‘ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್’ 2003ರಲ್ಲಿ ಹೊರಬಂತು. 2008ರ ‘ಹ್ಯೂಮನ್ ಪ್ರೋಟೀನ್‌ಪೀಡಿಯಾ’ ಹಲವು ಪ್ರಯೋಗಾಲಯಗಳ ದತ್ತಾಂಶವನ್ನು ಒಂದೆಡೆ ತಂದಿತು. 2011ರಲ್ಲಿ ಕ್ಷಯದ ಬ್ಯಾಕ್ಟೀರಿಯಾದ 3,176 ಪ್ರೋಟೀನುಗಳನ್ನು ಇದೇ ಬಳಗ ಗುರುತಿಸಿತು. ಪ್ರತಿ ದಾಖಲೆಯ ಮೂಲವನ್ನು ಬೆನ್ನುಹತ್ತುವ ಆ ತಾಳ್ಮೆಯೇ 2014ರ ನಕ್ಷೆಯನ್ನು ಸಾಧ್ಯಗೊಳಿಸಿತೆಂದು ನಾನು ನಂಬುತ್ತೇನೆ. ಸುಮಾರು 2.5 ಕೋಟಿ ರೋಹಿತಗಳಿಂದ ಆ ತಂಡ 2,93,000ದಷ್ಟು ಬೇರೆ ಬೇರೆ ಪೆಪ್ಟೈಡ್‌ಗಳನ್ನು ಹೆಕ್ಕಿತು. ಜೀನುಗಳೇ ಇಲ್ಲವೆಂದು ಬಗೆದಿದ್ದ ಜಾಗಗಳಿಂದಲೂ ಪ್ರೋಟೀನು ಹುಟ್ಟುವುದಕ್ಕೆ ಅಲ್ಲಿ ಪುರಾವೆ ದೊರೆಯಿತು.

ಹೊತ್ತಿಗೆ ಸರಿಯಾಗಿ ಭಂಡಾರದ ಬೇಡಿಕೆಯೂ ಬೆಳೆಯಿತು. ‘ನೇಚರ್ ಮೆಥಡ್ಸ್’ ಪತ್ರಿಕೆ 2012ರ ವರ್ಷದ ವಿಧಾನವೆಂದು ಆರಿಸಿದ್ದು ಗುರಿ ನಿರ್ದೇಶಿತ ಪ್ರೋಟಿಯೋಮಿಕ್ಸ್ ಅನ್ನು. ಕಂಡದ್ದನ್ನೆಲ್ಲ ಗುರುತಿಸುವ ಬದಲು ಬೇಕಾದ ಪ್ರೋಟೀನುಗಳನ್ನು ಮಾತ್ರ ಪ್ರತಿ ಮಾದರಿಯಲ್ಲೂ ತಪ್ಪದೆ ಅಳೆಯುವ ವಿಧಾನ ಅದು. ಅದೇ ವರ್ಷ ಜ್ಯೂರಿಕ್‌ನ ರೂಡಿ ಏಬರ್ಸೋಲ್ಡ್ ತಂಡ ತಂದ ‘ಸ್ವಾತ್’ ವಿಧಾನದಲ್ಲಿ ಯಂತ್ರ ಎಲ್ಲ ಪೆಪ್ಟೈಡ್‌ಗಳನ್ನೂ ಒಟ್ಟಾಗಿ ಒಡೆದು ದಾಖಲಿಸುತ್ತದೆ. ಆ ಗೋಜಲಿನಿಂದ ಬೇಕಾದ್ದನ್ನು ಬಿಡಿಸಲು ಮೊದಲೇ ಕಟ್ಟಿದ ಭಂಡಾರ ಬೇಕು. ಭಂಡಾರದಲ್ಲಿ ಇಲ್ಲದ ಪೆಪ್ಟೈಡ್ ಹುಡುಕಾಟಕ್ಕೇ ಬರುವುದಿಲ್ಲ. ಹಾಗಾಗಿ ಇದ್ದಬದ್ದ ಭಂಡಾರಗಳನ್ನೆಲ್ಲ ಕೂಡಿಸುವ ಆಸೆ ಸಹಜವೇ.

ಕೂಡಿಸುವಾಗ ಎದುರಾಗುವ ಮೊದಲ ತೊಡಕು ವೇಳೆಯದು. ಒಂದು ಕಾಲಮ್‌ನಲ್ಲಿ 20ನೇ ನಿಮಿಷಕ್ಕೆ ಹೊರಬರುವ ಪೆಪ್ಟೈಡ್ ಇನ್ನೊಂದರಲ್ಲಿ 35ನೇ ನಿಮಿಷಕ್ಕೆ ಬರಬಹುದು. ಸೊಲ್ಲಾಪುರ–ಗದಗ ರೈಲುದಾರಿಯನ್ನು ನೆನೆಯಿರಿ. ಪ್ಯಾಸೆಂಜರ್ ಇರಲಿ, ಎಕ್ಸ್‌ಪ್ರೆಸ್ ಇರಲಿ, ವಿಜಯಪುರ, ಆಲಮಟ್ಟಿ, ಬಾಗಲಕೋಟೆ, ಬಾದಾಮಿ ಎಂಬ ಸಾಲು ಬದಲಾಗದು. ಬದಲಾಗುವುದು ಗಡಿಯಾರದ ವೇಳೆ. ಪೆಪ್ಟೈಡ್‌ಗಳ ಸಾಲೂ ಬಹುಮಟ್ಟಿಗೆ ಹಾಗೆಯೇ. 2012ರಲ್ಲಿ ಪ್ರಕಟವಾದ ‘ಐಆರ್‌ಟಿ’ ಕ್ರಮ ಇದನ್ನೇ ಹಿಡಿಯಿತು: ಗೊತ್ತಿರುವ 11 ಕೃತಕ ಪೆಪ್ಟೈಡ್‌ಗಳನ್ನು ಪ್ರತಿ ಮಾದರಿಗೂ ಬೆರೆಸಿ, ಉಳಿದವುಗಳ ವೇಳೆಯನ್ನು ಅವುಗಳ ನಡುವಣ ಸ್ಥಾನವಾಗಿ ಬರೆಯುವುದು. ಭಂಡಾರಗಳು ಪರಸ್ಪರ ಹೊಂದುವುದಕ್ಕೆ ಇದರಿಂದ ದಾರಿಯಾಯಿತು. ವೇಳೆ ಹೊಂದಿದರೂ, ಪೆಪ್ಟೈಡನ್ನು ಒಡೆಯುವ ವಿಧಾನ ಬೇರೆಯಾದರೆ ತುಣುಕುಗಳ ತೀವ್ರತೆಯೂ ಬೇರೆಯಾಗುತ್ತದೆ. ಅಂಥ ರೋಹಿತಗಳನ್ನು ಬೆರೆಸಲೇಬಾರದು.

ಎರಡನೆಯ ತೊಡಕು ತಪ್ಪುಗಳದು, ಇದೇ ಹೆಚ್ಚು ಗಂಭೀರ. ತಲಾ 10,000 ಪೆಪ್ಟೈಡ್‌ಗಳ ಎರಡು ಭಂಡಾರಗಳಿವೆ, ಪ್ರತಿಯೊಂದರಲ್ಲೂ ಶೇ 1ರಷ್ಟು, ಅಂದರೆ 100 ತಪ್ಪು ಗುರುತುಗಳಿವೆ ಎನ್ನಿ. ಸರಿಯಾದವು ಎರಡರಲ್ಲೂ ಮರುಕಳಿಸುತ್ತವೆ: 9,000 ಸಮಾನವೆಂದರೆ ಕೂಡಿದ ಮೇಲೆ ಸರಿಯಾದವು 10,800. ತಪ್ಪುಗಳು ಮಾತ್ರ ದಿಕ್ಕಾಪಾಲಾಗಿ ಬಿದ್ದಿರುವುದರಿಂದ ಒಂದರ ಮೇಲೊಂದು ಕೂರುವುದಿಲ್ಲ: 200ಕ್ಕೆ 200 ಉಳಿಯುತ್ತವೆ. ಶೇ 1 ಇದ್ದದ್ದು ಶೇ 1.8 ಆಯಿತು. ಹತ್ತಾರು ಭಂಡಾರ ಕೂಡಿಸಿದರೆ, ಅದರಲ್ಲೂ ಪೆಪ್ಟೈಡ್ ಮಟ್ಟದಿಂದ ಪ್ರೋಟೀನು ಮಟ್ಟಕ್ಕೆ ಏರಿದರೆ, ಈ ಹೆಚ್ಚಳ ಬಲು ದೊಡ್ಡದು. 2009ರ ‘ಮಯು’ ವಿಧಾನ ಇದನ್ನು ಅಂದಾಜು ಮಾಡಲೆಂದೇ ಬಂದದ್ದು.

2014ರ ಎರಡೂ ನಕ್ಷೆಗಳಿಗೆ ಇದೇ ಪ್ರಶ್ನೆ ಎದುರಾಯಿತು. ಅದೇ ವರ್ಷ ಸ್ಪೇನಿನ ಎಜ್ಕುರ್ದಿಯಾ, ಟ್ರೆಸ್ ಮತ್ತು ಸಂಗಡಿಗರು ವಾಸನೆ ಗ್ರಹಿಸುವ ಗ್ರಾಹಕ ಪ್ರೋಟೀನುಗಳನ್ನು ಒರೆಗಲ್ಲಾಗಿ ಹಿಡಿದರು. ಪಾಂಡೆ ತಂಡದ ಮಾದರಿಗಳಲ್ಲಿ ಮೂಗಿನ ಅಂಗಾಂಶವೇ ಇಲ್ಲ. ಆದರೂ ಪಟ್ಟಿಯಲ್ಲಿ ಅಂಥ ಗ್ರಾಹಕಗಳು ಕಂಡದ್ದು ದುರ್ಬಲ ರೋಹಿತಗಳ ಕುರುಹು ಎಂಬುದು ಅವರ ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ. ಒಂದೇ ಕ್ರಮದಲ್ಲಿ ಅಳೆದರೆ ಯಂತ್ರಗಳ ಭೇದ ನೀಗುತ್ತದೆ, ಆದರೆ ಯಂತ್ರದ ಎರಡು ಸಾವಿರಕ್ಕೂ ಹೆಚ್ಚು ಓಟಗಳ ಫಲಿತಾಂಶವನ್ನು ಕೂಡಿಸಿದಾಗ ಬೆಳೆಯುವ ತಪ್ಪು ನೀಗುವುದಿಲ್ಲ. ಸ್ವಾತ್‌ಗೆಂದು ಅದೇ ವರ್ಷ ಜ್ಯೂರಿಕ್‌ನಲ್ಲಿ 331 ಅಳತೆಗಳನ್ನು ಕೂಡಿಸಿ, 10,000ಕ್ಕೂ ಹೆಚ್ಚು ಮಾನವ ಪ್ರೋಟೀನುಗಳ ಭಂಡಾರವನ್ನು ಕಟ್ಟಿದವರು ಪ್ರೋಟೀನು ಮಟ್ಟದ ತಪ್ಪನ್ನು ಇಡೀ ಕೂಡಿಕೆಗೇ ಲೆಕ್ಕ ಹಾಕಿ ಕಟ್ಟುಮಾಡಿದರು. ಕ್ಷಯದ ಬ್ಯಾಕ್ಟೀರಿಯಾಕ್ಕೆ 2013ರಲ್ಲಿ ಆದ ಭಂಡಾರ ಇನ್ನೂ ಮುಂದೆ ಹೋಯಿತು: ಕೃತಕವಾಗಿ ತಯಾರಿಸಿದ ಪೆಪ್ಟೈಡ್‌ಗಳಿಂದ ಅದರ 4,012 ಪ್ರೋಟೀನುಗಳ ಪೈಕಿ ಶೇ 97ಕ್ಕೆ ಅಳತೆಯ ಮಾದರಿ ಸಿದ್ಧವಾಯಿತು. ಯಾವ ರೋಹಿತ ಯಾವ ಪೆಪ್ಟೈಡಿನದು ಎಂಬ ಸಂಶಯಕ್ಕೆ ಅಲ್ಲಿ ಎಡೆ ಕಡಿಮೆ.

ಪಾಂಡೆ ತಂಡ ತನ್ನ ಕಚ್ಚಾ ದತ್ತಾಂಶವನ್ನೆಲ್ಲ ‘ಪ್ರೋಟಿಯೋಮ್‌ಎಕ್ಸ್‌ಚೇಂಜ್’ ಎಂಬ ಸಾರ್ವಜನಿಕ ವ್ಯವಸ್ಥೆಗೆ ಒಪ್ಪಿಸಿತು. ಆ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ವಾದ ಬಂದಾಗ ರೋಹಿತವನ್ನೇ ತೆರೆದು ನೋಡಲು ಎಲ್ಲರಿಗೂ ಅವಕಾಶವಿತ್ತು. 2016ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ಜ್ಯೋತಿ ಚೌಧರಿ ಅವರ ಗುಂಪು ಈ ರಾಶಿಯನ್ನು ಹೆಚ್ಚು ಬಿಗಿಯಾದ ಮಾನದಂಡದಲ್ಲಿ ಮತ್ತೆ ಜರಡಿ ಹಿಡಿದು, ಮಾನವ ಜೀನುಗಳ ಅಧಿಕೃತ ಪಟ್ಟಿಯನ್ನು ತಿದ್ದಲು ಬಳಸಿತು. 2019ರ ‘ಪ್ರೊಸಿಟ್’ನಂಥ ತಂತ್ರಾಂಶಗಳು ರೋಹಿತವನ್ನು ಅಳೆಯದೆಯೇ ಊಹಿಸುತ್ತವೆ, ನಿಜ, ಆದರೆ ಅವು ಆ ಊಹೆಯನ್ನು ಕಲಿಯುವುದೂ ಯಾರೋ ಎಂದೋ ಅಳೆದು, ಮೂಲ ಸಹಿತ ಉಳಿಸಿಟ್ಟ ರೋಹಿತಗಳಿಂದಲೇ.