ಫೀಸು ಕಟ್ಟಿದವರು ಯಾರು?

1916ರಲ್ಲಿ ಕಲ್ಕತ್ತಾ ಹೈಕೋರ್ಟಿನ ಐವರು ನ್ಯಾಯಾಧೀಶರ ಪೀಠದ ಮುಂದೆ ಒಂದು ಅರ್ಜಿ ಬಂತು. ಅರ್ಜಿದಾರಳು ರೆಜೀನಾ ಗುಹಾ. ಎಂ.ಎ. ಆಗಿತ್ತು, ಕಲ್ಕತ್ತಾ ವಿಶ್ವವಿದ್ಯಾಲಯದ ಕಾನೂನು ಪದವಿಯೂ ಕೈಯಲ್ಲಿತ್ತು. ಅಲಿಪುರದ ಜಿಲ್ಲಾ ನ್ಯಾಯಾಲಯದಲ್ಲಿ ಪ್ಲೀಡರ್ ಆಗಿ ಕೆಲಸ ಮಾಡಲು ಸನ್ನದು ಕೊಡಿ ಎಂದಷ್ಟೇ ಆಕೆ ಕೇಳಿದ್ದು. ಆಕೆಯ ತಂದೆಯೂ ವಕೀಲರು. ಅಂದರೆ ಮನೆಯಲ್ಲಿ ಪುಸ್ತಕವಿತ್ತು, ದಾರಿ ತೋರಿಸುವವರಿದ್ದರು, ಓದಿಸುವ ಮನಸ್ಸೂ ಇತ್ತು. ವಿಶ್ವವಿದ್ಯಾಲಯ ಶುಲ್ಕ ಪಡೆದು, ಪರೀಕ್ಷೆ ಮಾಡಿ, ಪದವಿ ಕೊಟ್ಟಿತ್ತು. ನ್ಯಾಯಾಲಯ ಮಾತ್ರ ಬಾಗಿಲು ತೆರೆಯಲಿಲ್ಲ.

ಕಾರಣ ಓದಿದಾಗ ನನಗೆ ನಗು ಬಂತು, ಆಮೇಲೆ ಸಿಟ್ಟು. ವಕೀಲರಿಗೆ ಸಂಬಂಧಿಸಿದ 1879ರ ಕಾನೂನು ಬರೆದಿದ್ದೆಲ್ಲ ಪುಲ್ಲಿಂಗದಲ್ಲಿ. ಆದರೆ 1897ರ ಜನರಲ್ ಕ್ಲಾಸಸ್ ಆಕ್ಟ್ ಪ್ರಕಾರ ಕಾನೂನಿನಲ್ಲಿ 'ಅವನು' ಅಂದರೆ 'ಅವಳು' ಕೂಡ ಸೇರುತ್ತಾಳೆ, ಸಂದರ್ಭಕ್ಕೆ ವಿರೋಧವಾಗದಿದ್ದರೆ. ರೆಜೀನಾ ಪರವಾಗಿ ವಾದಿಸಿದ ಅರ್ಡ್ಲಿ ನಾರ್ಟನ್ ದೊಡ್ಡ ಹೆಸರಿನ ಬ್ಯಾರಿಸ್ಟರ್. ಪೀಠ ಒಪ್ಪಲಿಲ್ಲ. ಆ ಕಾನೂನು ಮಾಡಿದವರ ಮನಸ್ಸಿನಲ್ಲಿ ಹೆಂಗಸರು ಇರಲೇ ಇಲ್ಲ, ಆದ್ದರಿಂದ ಇಲ್ಲಿ 'ಅವನು' ಅಂದರೆ ಅವನು ಮಾತ್ರ ಎಂದಿತು. ನಾನು ಸಾಫ್ಟ್‌ವೇರ್‌ನವಳು. ಒಂದು ಪದಕ್ಕೆ ಮೇಲೆ ಒಮ್ಮೆ ಅರ್ಥ ಕೊಟ್ಟ ಮೇಲೆ ಕೆಳಗಿನ ಸಾಲುಗಳೆಲ್ಲ ಅದನ್ನೇ ಪಾಲಿಸಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ನ್ಯಾಯಾಲಯಗಳಿಗೆ ಆ ಕಟ್ಟುಪಾಡು ಇಲ್ಲ ಎಂದು ಕಾಣುತ್ತದೆ.

ರೆಜೀನಾ ಮುಂದೆ ಕಲ್ಕತ್ತೆಯ ಯಹೂದಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾದರು. 1919ರಲ್ಲಿ ತೀರಿಕೊಂಡರು. ಅವರ ತಂಗಿ ಹನ್ನಾ ಸೇನ್ ಮುಂದೆ ದೆಹಲಿಯ ಲೇಡಿ ಇರ್ವಿನ್ ಕಾಲೇಜನ್ನು ಕಟ್ಟಿ ನಡೆಸಿದವರು. ದೆಹಲಿಯ ಕನ್ನಡತಿಯರಲ್ಲಿ ಆ ಕಾಲೇಜಿನಲ್ಲಿ ಓದಿದವರಿದ್ದರೆ ಈ ಅಕ್ಕನ ಹೆಸರನ್ನೂ ನೆನಪಿಡಲಿ.

ಇದನ್ನೆಲ್ಲ ನಾನು ಓದಲು ಹೊರಟದ್ದು ಒಂದು ಮನೆಯ ಪ್ರಶ್ನೆಯಿಂದ. ಡೊಂಬಿವಲಿಯಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಬಿ.ಇ. ಮುಗಿಸಿ ಎರಡು ವರ್ಷ ಕೆಲಸ ಮಾಡಿದ್ದಾಳೆ. ಈಗ ಮೂರು ವರ್ಷದ ಎಲ್‌ಎಲ್‌ಬಿ ಓದುವ ಆಸೆ. ಚಿಕ್ಕಪ್ಪ ನಿವೃತ್ತರಾಗಿ ಬಂದ ಹಣ ಇಟ್ಟುಕೊಂಡಿದ್ದಾರೆ, "ಓದಮ್ಮಾ, ನಾನು ಕಟ್ಟುತ್ತೇನೆ" ಅನ್ನುತ್ತಾರೆ. ಹುಡುಗಿಗೆ ಅದೇ ಭಾರವಾಗಿದೆ. "ಅಕ್ಕಾ, ಅಪ್ಪ ಬೇಡ ಅಂದಿದ್ದರೆ ಜಗಳವಾಡಿ ಓದುತ್ತಿದ್ದೆ. ಕೊಡುತ್ತೇನೆ ಅಂದಿದ್ದಕ್ಕೇ ಭಯ. ಓದಿ ಆಮೇಲೆ ಕೋರ್ಟಿಗೆ ಹೋಗದೇ ಇದ್ದರೆ?" ಎಂದು ನನ್ನನ್ನು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಎಂಟೆಕ್ ನಡೆದದ್ದು ಗೇಟ್ ಪರೀಕ್ಷೆಯ ಸ್ಟೈಪೆಂಡ್‌ನಲ್ಲಿ. ತಿಂಗಳು ತಿಂಗಳು ಹಣ ಬರುತ್ತಿತ್ತು, ಅಪ್ಪನ ಮುಂದೆ ಲೆಕ್ಕ ಒಪ್ಪಿಸುವ ಪ್ರಸಂಗ ಬರಲಿಲ್ಲ. ಎಲ್‌ಎಲ್‌ಬಿಗೆ ಹಾಗೆ ಸ್ಟೈಪೆಂಡ್ ಬರುವುದಿಲ್ಲ. ಹಾಗಾಗಿ ನಮ್ಮ ದೇಶದಲ್ಲಿ ಮೊದಲು ಕಾನೂನು ಓದಿದ ಹೆಂಗಸರಿಗೆ ಫೀಸು ಕಟ್ಟಿದವರು ಯಾರು, ಕಟ್ಟಿದವರು ಬದಲಿಗೆ ಏನು ಕೇಳಿದರು ಎಂದು ಹುಡುಕುತ್ತಾ ಹೋದೆ.

ಹುಡುಕಾಟ ಮೊದಲು ನಿಂತದ್ದು ಪುಣೆಯಲ್ಲೇ. ಯರವಡಾದ ಡೆಕ್ಕನ್ ಕಾಲೇಜಿನ ಕಲ್ಲಿನ ಕಟ್ಟಡ ನಮ್ಮಲ್ಲಿ ಅನೇಕರು ನೋಡಿರುವಂಥದ್ದು. ಅಲ್ಲಿ ಓದಿದವರು ಕಾರ್ನೀಲಿಯಾ ಸೊರಾಬ್ಜಿ. ಹುಟ್ಟಿದ್ದು 1866ರಲ್ಲಿ, ನಾಸಿಕದಲ್ಲಿ. ತಂದೆ ಪಾರ್ಸಿಯಾಗಿದ್ದು ಕ್ರೈಸ್ತರಾದ ಪಾದ್ರಿ, ತಾಯಿ ಪುಣೆಯಲ್ಲಿ ಶಾಲೆ ನಡೆಸುತ್ತಿದ್ದರು. ದೊಡ್ಡ ಸಂಸಾರ. ಓದಿಸಬೇಕೆಂಬ ಮನಸ್ಸು ಧಾರಾಳವಾಗಿತ್ತು, ದುಡ್ಡು ಅಷ್ಟಿರಲಿಲ್ಲ. ಕಾರ್ನೀಲಿಯಾ ಮೊದಲ ದರ್ಜೆಯಲ್ಲಿ ಪಾಸಾದರು. ಇಂಗ್ಲೆಂಡಿಗೆ ಹೋಗಿ ಓದಲು ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕೆ ಅವರ ಅಂಕಗಳು ಸಾಕಾಗಿದ್ದವು, ಆದರೆ ಅದು ಗಂಡಸರಿಗೆ ಮಾತ್ರ. ಕೆಲಕಾಲ ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು. ಆಮೇಲೆ ಲೇಡಿ ಹಾಬ್‌ಹೌಸ್ ಮುಂತಾದ ಇಂಗ್ಲಿಷ್ ಹೆಂಗಸರು ಚಂದಾ ಎತ್ತಿದರು, ಫ್ಲಾರೆನ್ಸ್ ನೈಟಿಂಗೇಲ್ ಕೂಡ ಹಣ ಕೊಟ್ಟವರಲ್ಲಿ ಒಬ್ಬರು. 1889ರಲ್ಲಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜು ಸೇರಿದರು. ವಿಶೇಷ ಅನುಮತಿ ಪಡೆದು 1892ರಲ್ಲಿ ಬಿಸಿಎಲ್ ಪರೀಕ್ಷೆಗೆ ಕೂತು ಪಾಸಾದರು.

ಪಾಸಾದರೂ ಪದವಿ ಸಿಗಲಿಲ್ಲ. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡಲು ಶುರು ಮಾಡಿದ್ದೇ 1920ರಲ್ಲಿ. ಭಾರತಕ್ಕೆ ಬಂದು 1897ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಎಲ್‌ಎಲ್‌ಬಿ ಮಾಡಿದರು, 1899ರಲ್ಲಿ ಅಲಹಾಬಾದಿನಲ್ಲಿ ಪ್ಲೀಡರ್ ಪರೀಕ್ಷೆಯನ್ನೂ ದಾಟಿದರು. ಯಾವುದರಿಂದಲೂ ವಕಾಲತ್ತಿನ ಹಕ್ಕು ಬರಲಿಲ್ಲ. 1904ರಲ್ಲಿ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಕೆಲಸ ಸಿಕ್ಕಿತು. ಪರದೆಯೊಳಗಿನ ಜಮೀನ್ದಾರ ಮನೆತನಗಳ ವಿಧವೆಯರಿಗೆ, ಅಪ್ರಾಪ್ತ ಮಕ್ಕಳಿಗೆ ಆಸ್ತಿಯ ಬಗ್ಗೆ ಸಲಹೆ ಕೊಡುವ ಕೆಲಸ. ಗಂಡು ವಕೀಲರು ಕಾಲಿಡಲಾಗದ ಅಂಗಳಗಳಲ್ಲಿ ಕೂತು ನೂರಾರು ಹೆಂಗಸರ ಕಾಗದಪತ್ರ ಓದಿದರು. ಕೊನೆಗೆ 1921ರಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನು ವಕೀಲರ ಪಟ್ಟಿಗೆ ಸೇರಿಸಿಕೊಂಡಿತು. ಆಗ ಅವರಿಗೆ ಐವತ್ತೈದರ ಆಸುಪಾಸು. ಅದೇ ವರ್ಷ ಪಾಟ್ನಾ ಹೈಕೋರ್ಟ್ ಸುಧಾಂಶುಬಾಲಾ ಹಾಜ್ರಾ ಎಂಬವರ ಅರ್ಜಿಯನ್ನು ಕಲ್ಕತ್ತೆಯ ದಾರಿ ಹಿಡಿದು ತಿರಸ್ಕರಿಸಿತು. ಒಂದೇ ದೇಶ, ಒಂದೇ ಕಾನೂನು, ಒಂದೇ ವರ್ಷ! ಈ ಗೊಂದಲ ಮುಗಿದದ್ದು 1923ರ ಲೀಗಲ್ ಪ್ರ್ಯಾಕ್ಟಿಷನರ್ಸ್ (ವಿಮೆನ್) ಆಕ್ಟ್‌ನಿಂದ. ಹೆಣ್ಣೆಂಬ ಒಂದೇ ಕಾರಣಕ್ಕೆ ಯಾರನ್ನೂ ವಕೀಲಿಕೆಯಿಂದ ದೂರ ಇಡುವಂತಿಲ್ಲ ಎಂದು ಅದು ಹೇಳಿತು.

ಕಾರ್ನೀಲಿಯಾ ಅವರ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಈ ವರ್ಷಗಳ ಲೆಕ್ಕ. 1892ರಿಂದ 1921. ಇಪ್ಪತ್ತೊಂಬತ್ತು ವರ್ಷ. ಚಂದಾ ಕೊಟ್ಟವರು ಓದಿಗೆ ಕೊಟ್ಟಿದ್ದರು. ಓದು ಮುಗಿದ ಮೇಲಿನ ಕಾಯುವಿಕೆಯ ಖರ್ಚು ಪೂರ್ತಿ ಅವರದೇ.

ಇದರ ಪಕ್ಕದಲ್ಲಿ ಮುಂಬಯಿಯ ಇನ್ನೊಂದು ಮನೆಯನ್ನು ಇಟ್ಟು ನೋಡಿ. ಮಿಠನ್ ಟಾಟಾ, 1898ರಲ್ಲಿ ಹುಟ್ಟಿದವರು. ಟಾಟಾ ಅಂದ ಕೂಡಲೇ ಉಕ್ಕಿನ ಕಾರ್ಖಾನೆ ನೆನೆಯಬೇಡಿ. ಅಪ್ಪ ಅರ್ದೇಶಿರ್ ಜವಳಿ ಗಿರಣಿಯಲ್ಲಿ ಉದ್ಯೋಗಿ. ತಾಯಿ ಹೀರಾಬಾಯಿಗೆ ಹದಿನಾರಕ್ಕೆ ಮದುವೆಯಾಗಿತ್ತು. ಈ ಅರ್ದೇಶಿರ್ ಹೆಂಡತಿಗೆ ಮೇಷ್ಟರನ್ನಿಟ್ಟು ಮದುವೆಯಾದ ಮೇಲೆ ಓದಿಸಿದ ಮನುಷ್ಯ. ಅದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. 1911ರಲ್ಲಿ ರಜೆಗೆ ಕಾಶ್ಮೀರಕ್ಕೆ ಹೋದಾಗ ತಾಯಿ ಮಗಳಿಗೆ ಸೋಫಿಯಾ ದುಲೀಪ್ ಸಿಂಗ್ ಭೇಟಿಯಾಯಿತು. ಆಕೆ ತೊಟ್ಟಿದ್ದ, ಹೆಂಗಸರಿಗೆ ಮತ ಕೊಡಿ ಎಂಬ ಬಿಲ್ಲೆಯೇ ಹೀರಾಬಾಯಿಯನ್ನು ಹೋರಾಟಕ್ಕೆ ಎಳೆಯಿತು. ಮಿಠನ್ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ಕಾಬ್ಡೆನ್ ಪದಕ ಪಡೆದರು. 1919ರಲ್ಲಿ ಭಾರತದ ಹೆಂಗಸರ ಮತದಾನದ ಹಕ್ಕಿನ ಪರವಾಗಿ ಹೇಳಿಕೆ ಕೊಡಲು ತಾಯಿ ಮಗಳು ಲಂಡನ್ನಿಗೆ ಹೋದರು.

ಕೆಲಸ ಮುಗಿದ ಮೇಲೆ ಹಿಂತಿರುಗಬೇಕಿತ್ತು. ತಿರುಗಲಿಲ್ಲ. ಮಿಠನ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು, ಜೊತೆಗೆ ಲಿಂಕನ್ಸ್ ಇನ್‌ನಲ್ಲಿ ಕಾನೂನು. ಆ ಡಿಸೆಂಬರಿನಲ್ಲೇ ಬ್ರಿಟನ್ನಿನಲ್ಲಿ ಹೆಂಗಸರು ವಕೀಲರಾಗಲು ಇದ್ದ ಅಡ್ಡಿಯನ್ನು ತೆಗೆದ ಕಾನೂನು ಬಂದಿತ್ತು. ತಾಯಿ ಸುಮ್ಮನೆ ಮಗಳ ಕಾವಲಿಗೆ ಕೂರಲಿಲ್ಲ, ತಾನೂ ಅದೇ ಸಂಸ್ಥೆಯಲ್ಲಿ ತರಗತಿಗಳಿಗೆ ಹೋದರು! ಗಿರಣಿಯ ಕೆಲಸದ ಅಪ್ಪ ಇಲ್ಲಿ, ಹೆಂಡತಿ ಮಗಳು ನಾಲ್ಕು ವರ್ಷ ಅಲ್ಲಿ. ಬರಿಯ ಕಾಲೇಜಿನ ಶುಲ್ಕವಾಗಿದ್ದರೆ ಲೆಕ್ಕ ಸುಲಭ. ಎರಡು ಕಡೆ ಮನೆ ನಡೆಸುವ ಖರ್ಚು, ನಾಲ್ಕು ವರ್ಷ ಒಂಟಿ ಊಟ, ಬಂಧುಗಳ ಪ್ರಶ್ನೆಗಳಿಗೆ ಉತ್ತರ — ಇವೆಲ್ಲ ಆ ಮನುಷ್ಯನ ಪಾಲಿಗೆ ಬಂದಿರಲೇಬೇಕು. ಕೊನೆಯದನ್ನು ನಾನು ಊಹಿಸುತ್ತಿದ್ದೇನೆ, ಆದರೆ ನಮ್ಮ ಬಂಧುಗಳನ್ನು ಬಲ್ಲವರು ಯಾರೂ ಊಹೆ ತಪ್ಪು ಅನ್ನಲಾರರು.

1923ರ ಜನವರಿಯಲ್ಲಿ ಮಿಠನ್ ಬ್ಯಾರಿಸ್ಟರ್ ಆದರು. ಆ ವರ್ಷದ ಕೊನೆಗೆ ಊರಿಗೆ ಬಂದು ಬಾಂಬೆ ಹೈಕೋರ್ಟಿನಲ್ಲಿ ವಕೀಲಿಕೆ ಆರಂಭಿಸಿದ ಮೊದಲ ಮಹಿಳೆ ಎನಿಸಿಕೊಂಡರು. ಭೂಲಾಭಾಯಿ ದೇಸಾಯಿಯವರ ಕಚೇರಿಯಲ್ಲಿ ಸಹಾಯಕಿಯಾಗಿ ಸೇರಿದರು. ಕೋರ್ಟಿನಲ್ಲಿ ಜನ ಬಾಗಿಲಲ್ಲಿ ಇಣುಕಿ ನೋಡುತ್ತಿದ್ದರಂತೆ. ಅವರಿಗೆ ಬಂದ ಮೊದಲ ಮೊಕದ್ದಮೆಯ ಬಗ್ಗೆ ಒಂದು ಕಥೆಯಿದೆ: ತಾನು ಗೆಲ್ಲುವುದು ಖಂಡಿತ ಎಂದು ಗೊತ್ತಿದ್ದ ಕಕ್ಷಿದಾರನೊಬ್ಬ, ಎದುರಾಳಿಗೆ ಹೆಂಗಸಿನ ಕೈಲಿ ಸೋತ ಅವಮಾನವೂ ಆಗಲಿ ಎಂದು ಬೇಕೆಂದೇ ಇವರನ್ನು ಹಿಡಿದನಂತೆ. ಮಗಳನ್ನು ಓದಿಸಲು ಅಪ್ಪ ಏನೆಲ್ಲ ಕಟ್ಟಬಹುದು, ಮೊದಲ ಕಕ್ಷಿದಾರನ ಮನಸ್ಸನ್ನು ಕೊಂಡುಕೊಡಲಾರ. ಮಿಠನ್ ಮುಂದೆ ಪಾರ್ಸಿಗಳ ವಿವಾಹ ಕಾನೂನನ್ನು ಪರಿಷ್ಕರಿಸುವ ಸಮಿತಿಯಲ್ಲಿ ಕೆಲಸ ಮಾಡಿದರು, 1936ರ ಪಾರ್ಸಿ ವಿವಾಹ ಮತ್ತು ವಿಚ್ಛೇದನ ಕಾಯ್ದೆ ಅದರ ಫಲ. 1947ರಲ್ಲಿ ಮುಂಬಯಿಯ ಶೆರಿಫ್ ಆದರು, 1962ರಲ್ಲಿ ಪದ್ಮಭೂಷಣ ಬಂತು. ಮದುವೆ 1933ರಲ್ಲಿ, ಮೂವತ್ತೈದರ ಹೊತ್ತಿಗೆ. ಗಂಡ ಜಮಷೇದ್ ಲಾಮ್ ಕೂಡ ವಕೀಲರು. "ಲಾ ಓದಿದರೆ ಮದುವೆಗೆ ತಡವಾಗುತ್ತೆ" ಎನ್ನುವ ಚಿಕ್ಕಮ್ಮನಿಗೆ ಈ ಒಂದು ವಾಕ್ಯವನ್ನು ನಾನು ಓದಿ ಹೇಳಿಲ್ಲ.

ನ್ಯಾಯವಾಗಿ ಹೇಳುವುದಾದರೆ, ಕಾರ್ನೀಲಿಯಾಗೆ ಇಪ್ಪತ್ತೊಂಬತ್ತು ವರ್ಷ ಹಿಡಿದದ್ದು ಮಿಠನ್‌ಗೆ ನಾಲ್ಕೇ ವರ್ಷದಲ್ಲಿ ಆದದ್ದಕ್ಕೆ ಅಪ್ಪನ ಹಣವೊಂದೇ ಕಾರಣವಲ್ಲ. ನಡುವೆ ಎರಡು ದೇಶಗಳಲ್ಲಿ ಕಾನೂನು ಬದಲಾಗಿತ್ತು. ರೆಜೀನಾ ಏಳು ವರ್ಷ ತಡವಾಗಿ ಅರ್ಜಿ ಹಾಕಿದ್ದರೆ ಅವರಿಗೂ ಸನ್ನದು ಸಿಗುತ್ತಿತ್ತು, ಬದುಕಿದ್ದಿದ್ದರೆ.

ನಮ್ಮ ಕಡೆಗೆ ಹತ್ತಿರವಾಗುವ ಹೆಸರು ವಯೊಲೆಟ್ ಆಳ್ವ. ಹುಟ್ಟಿನಿಂದ ಗುಜರಾತಿನವರು, ಅಹಮದಾಬಾದಿನಲ್ಲಿ 1908ರಲ್ಲಿ ಹುಟ್ಟಿದವರು; ಮದುವೆಯಾದದ್ದು ನಮ್ಮ ಕರಾವಳಿಯ ಜೋಕಿಂ ಆಳ್ವರನ್ನು. ಹದಿನಾರಕ್ಕೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಅಣ್ಣ ಅಕ್ಕಂದಿರು ಓದಿಸಿದರು. ಮುಂಬಯಿಯ ಸೇಂಟ್ ಝೇವಿಯರ್ಸ್, ಆಮೇಲೆ ಸರ್ಕಾರಿ ಲಾ ಕಾಲೇಜು. ಕೆಲಕಾಲ ಮಹಿಳಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡಿದರು. 1943ರಲ್ಲಿ ಐದು ತಿಂಗಳ ಕೂಸನ್ನು ಎತ್ತಿಕೊಂಡು ಆರ್ಥರ್ ರೋಡ್ ಜೈಲಿಗೆ ಹೋದವರು, ಮರುವರ್ಷ ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದಿಸಿದ ಭಾರತದ ಮೊದಲ ಮಹಿಳಾ ವಕೀಲೆ ಎನಿಸಿದರು. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿ. ಅವರ ಸೊಸೆ, ಮಂಗಳೂರಿನ ಮಾರ್ಗರೆಟ್ ಆಳ್ವ ಕೂಡ ಕಾನೂನು ಓದಿದವರೇ. ಬಳ್ಳಾರಿಯಲ್ಲಿ ವಕೀಲಿಕೆ ಶುರು ಮಾಡಿದ ಮಂಜುಳಾ ಚೆಲ್ಲೂರ್ 2016ರಲ್ಲಿ ಇದೇ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಬಂದು ಕೂತರು. ಮಿಠನ್ ಅವರನ್ನು ಇಣುಕಿ ನೋಡಿದ ಕೋರ್ಟು ಅದು.

ಇಷ್ಟು ಓದಿದ ಮೇಲೆ ತಂಗಿಗೆ ನಾನು ಹೇಳಿದ್ದು ಎರಡು ಮಾತು. ಅಪ್ಪನ ಹಣ ತೆಗೆದುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ; ಮಿಠನ್ ತೆಗೆದುಕೊಂಡರು, ನಮ್ಮ ಎಷ್ಟೋ ಅಣ್ಣಂದಿರು ಕೇಳದೆಯೇ ತೆಗೆದುಕೊಂಡರು, ಅವರನ್ನು ಯಾರೂ ಲೆಕ್ಕ ಕೇಳಲಿಲ್ಲ. ಆದರೆ ಯಾವುದಕ್ಕೆ ಎಷ್ಟು ಹಣ ಎಂಬುದನ್ನು ಈಗಲೇ ಕೂತು ಮಾತಾಡು. ಈ ವೃತ್ತಿಯಲ್ಲಿ ನಿಜವಾದ ಖರ್ಚು ಕಾಲೇಜಿನ ಮೂರು ವರ್ಷದ್ದಲ್ಲ. ಪದವಿ ಬಂದು, ಸನ್ನದು ಸಿಕ್ಕಿ, ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಜೂನಿಯರ್ ಆಗಿ ಫೈಲು ಹೊರುವ ವರ್ಷಗಳದ್ದು. 2024ರಲ್ಲಿ ಬಾರ್ ಕೌನ್ಸಿಲ್ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಮಾತ್ರ, ಕಡ್ಡಾಯವಲ್ಲ. ಸಾಫ್ಟ್‌ವೇರಿನಲ್ಲಿ ಈಗ ಅವಳಿಗೆ ಬರುತ್ತಿರುವುದು ಇದರ ಎರಡರಷ್ಟಕ್ಕಿಂತ ಹೆಚ್ಚು.

ಅವಳು ಚಿಕ್ಕಪ್ಪನ ಮುಂದೆ ಈ ಮಾತೆತ್ತಿದಳು. "ಮೂರು ವರ್ಷದ ಫೀಸಿಗೆ ಒಪ್ಪಿದ್ದೀರಿ ಅಪ್ಪಾ, ಆಮೇಲೆ ಎರಡು ಮೂರು ವರ್ಷ ಮನೆಯಲ್ಲೇ ಇದ್ದು ಊಟ ಮಾಡಿಕೊಂಡು, ಲೋಕಲ್ ಪಾಸಿಗೂ ನಿಮ್ಮ ಹತ್ತಿರವೇ ಕೇಳಿದರೆ?" ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ನಿನ್ನ ಮದುವೆಗೆಂದು ಇಟ್ಟ ಎಫ್‌ಡಿ ಯಾವಾಗ ಮುಗಿಯುತ್ತೆ ನೋಡುತ್ತೇನೆ ಅಂದರು. ಚಿಕ್ಕಮ್ಮ ಆ ಎಫ್‌ಡಿ ಮುಟ್ಟಕೂಡದು ಅಂದಿದ್ದಾರೆ. ಸದ್ಯಕ್ಕೆ ಹುಡುಗಿ ಪ್ರವೇಶ ಪರೀಕ್ಷೆಗೆ ಹೆಸರು ನೋಂದಾಯಿಸಿದ್ದಾಳೆ, ಆ ಶುಲ್ಕವನ್ನು ತನ್ನ ಸಂಬಳದಿಂದ ಕಟ್ಟಿದ್ದಾಳೆ. ಎಫ್‌ಡಿಯ ವಾದ ಇನ್ನೂ ನಡೆಯುತ್ತಿದೆ.