ತಲೆಯ ಮೇಲೆ ಹಾದುಹೋದ ಕರೆಂಟು

ಶಿವನಸಮುದ್ರದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಉರು ಹೊಡೆದವರೇ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ, 1902ರ ಜೂನ್ 30ರಂದು ಕಾವೇರಿಯ ಕರೆಂಟು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿ ಸೇರಿತು, ಅಷ್ಟು ಉದ್ದದ ತಂತಿ ಆಗ ಲೋಕದಲ್ಲೇ ಅಪರೂಪ. ಎಲ್ಲ ನಿಜ. ಆದರೆ ಆ 92 ಮೈಲಿಯ ನಡುವೆ ಇದ್ದ ಹಳ್ಳಿಗಳ ಮಾತೇ ಆ ಪಾಠದಲ್ಲಿ ಇರಲಿಲ್ಲ.

ತಂತಿ ನಮ್ಮ ಹೊಲದ ಮೇಲೇ ಹೋಗುತ್ತೆ, ನಮ್ಮ ಗುಡಿಸಲಲ್ಲಿ ಯಾಕೆ ಬುಡ್ಡಿದೀಪ? ಹಳ್ಳಿಯ ಮುದುಕರು ಕೇಳೋ ಈ ಪ್ರಶ್ನೆಗೆ ಇಂಜಿನಿಯರ್ ನಗುತ್ತಾನೆ. ಅವನ ಉತ್ತರವೂ ಸುಳ್ಳಲ್ಲ. ಕರೆಂಟನ್ನು ದೂರ ಸಾಗಿಸಬೇಕಾದರೆ ವೋಲ್ಟೇಜು ಏರಿಸಬೇಕು. ವೋಲ್ಟೇಜು ಎರಡು ಪಟ್ಟಾದರೆ ಅಷ್ಟೇ ಶಕ್ತಿಗೆ ತಂತಿಯಲ್ಲಿ ಹರಿಯುವ ಕರೆಂಟು ಅರ್ಧವಾಗುತ್ತದೆ, ತಂತಿ ಕಾದು ಹಾಳಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗೆ ಏರಿಸಿದ ಕರೆಂಟು ಮನೆಗೆ ಬಂದರೆ ಮನೆ ಸುಟ್ಟೇಹೋಗುತ್ತದೆ. ಅದನ್ನು ಇಳಿಸಿ, ಹಂಚಿ, ಕೆಟ್ಟಾಗ ತಡೆಯುವ ಜಾಗವೇ ಸಬ್‌ಸ್ಟೇಷನ್. ಟ್ರಾನ್ಸ್‌ಫಾರ್ಮರು ಇಳಿಸುತ್ತದೆ, ಬ್ರೇಕರು ಕಡಿಯುತ್ತದೆ, ಬಸ್‌ಬಾರಿನಿಂದ ಫೀಡರುಗಳು ಕವಲೊಡೆಯುತ್ತವೆ. ಸಬ್‌ಸ್ಟೇಷನ್ ಇಲ್ಲದ ಕಡೆ ತಂತಿ ಬರೀ ತಂತಿ.

ಹಾಗಾದರೆ ಕೇಳಬೇಕಾದ್ದು ಇಷ್ಟೆ: ಆ ಜಾಗವನ್ನು ಯಾರು, ಯಾರಿಗಾಗಿ ಆರಿಸಿದರು?

1902ರಲ್ಲಿ ಕರೆಂಟು ಇಳಿದದ್ದು ಗಣಿಯಲ್ಲಿ. ಅದು ಬ್ರಿಟಿಷ್ ಕಂಪನಿಗಳ ಗಣಿ, ಜಾನ್ ಟೇಲರ್ ಸಂಸ್ಥೆಯ ಯಜಮಾನಿಕೆ. ಕೊಂಡುಕೊಳ್ಳುವ ಗಿರಾಕಿ ಮೊದಲೇ ಸಿಕ್ಕಿದ್ದಕ್ಕೇ ಮೈಸೂರು ಸರ್ಕಾರ ಅಷ್ಟು ದೊಡ್ಡ ಸಾಹಸಕ್ಕೆ ಕೈಹಾಕಿತು. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಗಣಿಯಲ್ಲಿ ಆ ಕರೆಂಟು ಅದಿರು ಕುಟ್ಟಿತು, ಗಾಳಿ ಒತ್ತುವ ಯಂತ್ರ ತಿರುಗಿಸಿತು. ಕೆಳಗೆ ಬಂಡೆ ಕೊರೆದವರು ಯಾರು? ತಮಿಳು ಜಿಲ್ಲೆಗಳಿಂದ, ಜಾತಿಯ ಕಾಟ ಮತ್ತು ಹಸಿವು ತಾಳಲಾರದೆ ಬಂದವರು. ಅವರಲ್ಲಿ ಬಹುಪಾಲು ನಮ್ಮವರೇ, ಅಸ್ಪೃಶ್ಯರು. ಹೆಬ್ಬೆಟ್ಟಿನ ಗುರುತು ಕೊಡಿ ಎಂದು ಕಂಪನಿ ಹಟ ಹಿಡಿದಾಗ 1930ರಲ್ಲಿ ಕೆಲಸ ನಿಲ್ಲಿಸಿ ಕೂತವರೂ ಅವರೇ. ಕರೆಂಟಿನ ಚರಿತ್ರೆ ಬರೆಯೋರು ಆ ಮುಷ್ಕರವನ್ನು ಬೇರೆ ಅಧ್ಯಾಯ ಅಂತ ಬದಿಗಿಡುತ್ತಾರೆ. ನಾವು ಹಾಗೆ ಇಡಲಾರೆವು. 2001ರಲ್ಲಿ ಗಣಿ ಮುಚ್ಚಿತು. ಅಲ್ಲಿ ದುಡಿದವರ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ.

ಕೇರಿಯ ಗುಡಿಸಲಿಗೆ ಅಂತಲೇ ಸರ್ಕಾರದ ದೀಪ ಹೊರಟದ್ದು ಭಾಗ್ಯಜ್ಯೋತಿಯ ಹೆಸರಲ್ಲಿ, 1970ರ ದಶಕ ಮುಗಿಯುವ ಹೊತ್ತಿಗೆ. ಗುಡಿಸಲಿಗೆ ಒಂದೇ ಬಲ್ಬು! ಕರೆಂಟಿಗೇನೋ ಮಡಿ ಮೈಲಿಗೆ ಇಲ್ಲ, ಮುಟ್ಟಿದವರನ್ನೆಲ್ಲ ಒಂದೇ ಥರ ಹೊಡೆಯುತ್ತದೆ. ಮಡಿ ಇರೋದು ಕಂಬ ನೆಡಿಸೋರಿಗೆ. ಊರಿನ ಕೊನೆಯ ಮನೆವರೆಗೂ ಬಂದ ಕಂಬ ಕೇರಿಯ ಕಡೆ ತಿರುಗೋಕೆ ವರ್ಷಗಟ್ಟಲೆ ಹಿಡಿದದ್ದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಈಗ ಒಂಟಿ ತಂತಿಯ ಕಾಲ ಹೋಗಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ತಂತಿಯ ಮೂಲಕ ದಕ್ಷಿಣದ ಗ್ರಿಡ್ಡು ಉಳಿದ ದೇಶದ ಜೊತೆ ಸೇರಿತು. ಒಂದು ಕಡೆ ಉತ್ಪಾದನೆ ನಿಂತರೆ ಇನ್ನೊಂದು ಕಡೆಯಿಂದ ತರಿಸಬಹುದು. ಆದರೂ ಸಾಲದೇ ಬಂದಾಗ ಮೇಲಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಸಬ್‌ಸ್ಟೇಷನ್ನಿಗೆ ಫೋನು ಬರುತ್ತದೆ: ಇಷ್ಟು ಲೋಡು ತೆಗಿ. ಆಪರೇಟರ್ ತನಗೆ ಬಂದ ಆರ್ಡರಿನ ಪ್ರಕಾರ ಸ್ವಿಚ್ಚು ತಿರುಗಿಸುತ್ತಾನೆ, ಪಾಪ, ಅವನೂ ಪಾಳಿಯ ನೌಕರ. ಯಾವ ಫೀಡರು, ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಹೊತ್ತಿಗೆ ಬಂತು ಅಂತ ಅವನ ಲಾಗ್‌ಬುಕ್ಕಿನಲ್ಲಿ ಬರೆದಿರುತ್ತದೆ. ಮೇಷ್ಟ್ರುಗಳು ಹುಡುಗರನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ ಆ ಪುಸ್ತಕ ತೋರಿಸಲಿ. ಪೇಟೆಯ ಫೀಡರಿನ ಪುಟವನ್ನೂ ಹಳ್ಳಿಯ ಫೀಡರಿನ ಪುಟವನ್ನೂ ಹುಡುಗರೇ ಪಕ್ಕಪಕ್ಕ ಇಟ್ಟು ಓದಲಿ.